ಕಂಡಕ್ಟರು ಯಾವ ಹಂತದಲ್ಲಿದ್ದಾರೆ?

ಹಲೋ… ಹಲೋ, ಯಾರು ಮಾತಾಡ್ತಿರೋದು?… ನರ್ಸಿಂಗ್ ಕಾಲೇಜು ತಾನೇ?… ಹಾಂ, ಆಫೀಸಾ. ನಾನು ಆಸ್ಪತ್ರೆಯಿಂದ, ಮೂರನೇ ವಾರ್ಡಿನ ಹಿರಿಯ ಸಿಸ್ಟರು. ನಿಮ್ಮ ವೈಸ್ ಪ್ರಿನ್ಸಿಪಾಲ್ ಮೇಡಂ ಬೇಕಿತ್ತು.

… ಮೀಟಿಂಗಲ್ಲಿದಾರಾ? ಒಂಬತ್ತಕ್ಕೆ ಫೋನ್ ಮಾಡ್ದೆ, ಕ್ಲಾಸು ಅಂದ್ರಿ. ಹನ್ನೊಂದಕ್ಕೆ ಮಾಡ್ದೆ, ಊಟ ಅಂದ್ರಿ. ಹನ್ನೊಂದಕ್ಕೆ ಯಾರಪ್ಪ ಊಟ ಮಾಡೋದು?… ಅದು ನೀವಲ್ವಾ? ಸರಿ, ಯಾರೋ ಒಬ್ಬರು ಅಂದ್ರು. ಈಗ ಎರಡು ಗಂಟೆ ಆಗ್ತಾ ಬಂತು, ಈಗ ಮೀಟಿಂಗು.

… ಬೇಡ, ಚೀಟಿ ಬರ್ಕೋಬೇಡಿ. ಎದ್ದು ಹೋಗಿ ಬಾಗಿಲು ತಟ್ಟಿ. ಅಳುಬುರುಕಿಗೆ ಫೋನ್ ಬಂದಿದೆ ಅಂತ ಹೇಳಿ.… ಹೌದು, ಅಳುಬುರುಕಿ. ಸರಿಯಾಗೇ ಕೇಳಿಸ್ಕೊಂಡ್ರಿ. ನಗಬೇಡಿ, ಹೋಗಿ ಹೇಳಿ ಸಾಕು. ಓಡಿ ಬರ್ತಾಳೆ.

…

… ಹಾಂ, ಬಂದ್ಯಾ. ನಾನೇ. ಧ್ವನಿ ಮರೆತಿಲ್ವಲ್ಲ, ಪುಣ್ಯ.… ಎಲ್ಲರೆದುರಿಗೆ ಆ ಹೆಸರು ಹೇಳಿಸ್ಬಾರದಿತ್ತಾ? ಇನ್ನೇನು ಮಾಡ್ಲಿ ತಾಯಿ, ಮೇಡಂ ಅಂತ ಕೇಳಿದ್ರೆ ನೀನು ಸಿಗಲ್ಲ. ಹದಿನೆಂಟು ವರ್ಷದ ಹಿಂದೆ ಇದೇ ವಾರ್ಡಲ್ಲಿ ಮೊದಲನೇ ಸಲ ಬೆನ್ನುಹುಣ್ಣಿಗೆ ಡ್ರೆಸಿಂಗ್ ಮಾಡೋವಾಗ ನನ್ನ ಭುಜದ ಮೇಲೆ ಬಿದ್ದು ಅತ್ತವಳು ನೀನೇ ತಾನೇ? ಆಗ ಮೀಟಿಂಗ್ ಇರಲಿಲ್ಲ.

… ಬೈಯೋದಕ್ಕೆ ಅಲ್ಲ ಕಣೇ. ಅಂದ್ರೆ, ಬೈತೀನಿ, ಅದು ಬೇರೆ. ಕೆಲಸ ಇದೆ. ಮೂರು ಗಂಟೆಗೆ ಗಾಡಿ ಬರತ್ತೆ. ನನ್ನ ಹನ್ನೆರಡನೇ ಮಂಚದ ಕಂಡಕ್ಟರನ್ನ ಊರಾಚೆ ಆರೈಕೆ ಮನೆಗೆ ಕರ್ಕೊಂಡು ಹೋಗ್ತಾರೆ.… ಇರೋದೇ ಒಂದು ತಾನೇ, ಅದೇ. ಇನ್ನೇನೂ ಮಾಡೋಕಾಗಲ್ಲ ಅಂತ ಡಾಕ್ಟ್ರು ಕೈ ಚೆಲ್ಲಿದ ಮೇಲೆ ಕಳಿಸ್ತೀವಲ್ಲ, ಅಲ್ಲಿಗೆ.… ಹೌದಮ್ಮ, ಜಾಗ ಒಳ್ಳೇದೇ. ಸಾಯೋರಿಗೆ ತುಂಬಾ ಒಳ್ಳೇ ಜಾಗ. ಇವರು ಸಾಯ್ತಾ ಇಲ್ಲ, ಅಷ್ಟೇ ತೊಂದರೆ.

… ನಿನಗೂ ಇದಕ್ಕೂ ಏನು ಸಂಬಂಧವಾ? ಹೇಳ್ತೀನಿ. ಪಕ್ಕದಲ್ಲಿ ಕುರ್ಚಿ ಇದ್ರೆ ಕೂತ್ಕೋ.

ನೀನೊಂದು ಫಾರ್ಮ್ ಮಾಡಿಸಿದ್ಯಲ್ಲ. ಹಸಿರು ಕಾಗದದ್ದು. ಜೀವಿತಾವಧಿ ಆರೈಕೆ ನಮೂನೆ ಅಂತ ಹೆಸರು ಬೇರೆ.… ಹೊಗಳ್ತಾ ಇಲ್ಲ, ಥ್ಯಾಂಕ್ಸ್ ಯಾಕೆ ಹೇಳ್ತೀಯಾ? ಆ ಫಾರ್ಮಿನ ತಲೆಯ ಮೇಲೆ ಏನು ಅಚ್ಚು ಹಾಕಿಸಿದ್ದೀಯ, ನೆನಪಿದ್ಯಾ?… ಅದೇ. ರೋಗಿಯ ಹಂತ. ಮೂರು ಚೌಕ. ನಲವತ್ತರ ಒಳಗಿದ್ರೆ ಮೊದಲನೇ ಹಂತ, ಅರವತ್ತೈದರ ತನಕ ಮಧ್ಯದ ಹಂತ, ಅಲ್ಲಿಂದಾಚೆ ಏನು? ಬಾಯಿಬಿಟ್ಟು ಹೇಳು, ಮೇಡಂ ಬಾಯಿಂದಾನೇ ಕೇಳೋಣ.

… ಕೊನೆಯ ಹಂತ. ಹಾಂ. ಇನ್ನೊಂದ್ಸಲ ಹೇಳು. ಜೋರಾಗಿ ಹೇಳು.

… ಆಸ್ಪತ್ರೆಯಲ್ಲಿ ಆ ಮಾತಿಗೆ ಏನರ್ಥ ಅಂತ ಈಗ ಹೊಳೀತಾ? ಕಾಲೇಜಲ್ಲಿ ಎ.ಸಿ. ಹಾಕ್ಕೊಂಡು ಕೂತು ಮನುಷ್ಯನ ಬೆಳವಣಿಗೆ, ಬದುಕಿನ ಹಂತ ಅಂತ ಪಾಠ ಮಾಡ್ತೀಯ, ಮಾಡು, ಯಾರು ಬೇಡ ಅಂದ್ರು. ಇಲ್ಲಿ ವಾರ್ಡಲ್ಲಿ ಕೊನೆಯ ಹಂತ ಅಂದ್ರೆ ಒಂದೇ ಅರ್ಥ. ಬಾಗಿಲು ಸರಿಸಿ ಮನೆಯವರನ್ನ ಒಬ್ಬೊಬ್ಬರನ್ನೇ ಒಳಗೆ ಬಿಡೋ ಅರ್ಥ. ಕಸ ಗುಡಿಸೋ ಆಯಾನ್ನ ಕೇಳಿದ್ರೂ ಹೇಳ್ತಾಳೆ. ನಿನಗೆ ಮಾತ್ರ ಎರಡು ಡಿಗ್ರಿ ಬೇಕಾಯ್ತು ಮರೆಯೋದಕ್ಕೆ.

… ಕೆಳಗೆ ವಿವರಣೆ ಇದ್ಯಂತೆ! ಎಲ್ಲಿದೆ? ನಾಲ್ಕನೇ ಪುಟದಲ್ಲಿ, ಇರುವೆ ಓದೋ ಅಕ್ಷರದಲ್ಲಿ. ಮೊದಲನೇ ಪುಟದಲ್ಲಿ ಕೊನೆಯ ಹಂತ ದಪ್ಪಕ್ಷರ. ಅದರ ಕೆಳಗೆ, ಈ ಹಂತದ ಕೆಲಸ: ಬದುಕನ್ನು ಹಿಂತಿರುಗಿ ನೋಡಿ ಒಪ್ಪಿಕೊಳ್ಳುವುದು. ಅದರ ಕೆಳಗೆ, ಶುಶ್ರೂಷೆಯ ಗುರಿ: ರೋಗಿ ಶಾಂತಿಯಿಂದ ಒಪ್ಪಿಕೊಳ್ಳಲು ನೆರವಾಗುವುದು. ಇದನ್ನ ಓದಿ ಯಾರಾದ್ರೂ, ಓಹೋ ಇವರು ನಾಡಿದ್ದು ಮನೆಗೆ ನಡ್ಕೊಂಡು ಹೋಗ್ತಾರೆ ಅನ್ಕೋತಾರೇನೇ?

… ಓದಿದವರು ಯಾರು ಅಂದ್ರೆ, ಹಾಸಿಗೆ ಹಂಚೋ ಆಫೀಸಿನವರು. ಅವರು ರೋಗಿ ಮುಖ ನೋಡಲ್ಲ, ಕಾಗದದ ಮೊದಲನೇ ಸಾಲು ನೋಡ್ತಾರೆ. ಹಂತ ಕೊನೆಯದು, ವ್ಯಾಯಾಮ ಯಾಕೆ ಅಂತ ಬುಧವಾರದಿಂದ ಫಿಸಿಯೋ ನಿಲ್ಲಿಸಿದ್ರು. ಅಡುಗೆಮನೆಯಿಂದ ಗಟ್ಟಿ ಊಟ ನಿಂತು ಗಂಜಿ ಬಂತು. ಕಂಡಕ್ಟ್ರು ಅದನ್ನ ನೋಡಿ ಮುಖ ಸಿಂಡರಿಸಿದ ರೀತಿ ನೀನು ನೋಡ್ಬೇಕಿತ್ತು. ಗುರುವಾರ ಮನೆಯವರಿಗೆ ಫೋನ್ ಹೋಯ್ತು, ನೋಡೋರಿದ್ರೆ ಬಂದು ನೋಡಿ ಅಂತ. ಇವತ್ತು ಬೆಳಗ್ಗೆ ಮಗಳು, ಅಳಿಯ, ಅವರ ತಮ್ಮ, ತಮ್ಮನ ಹೆಂಡತಿ, ಎಲ್ಲ ಬಂದು ಮಂಚದ ಸುತ್ತ ನಿಂತು ಮುಸುಮುಸು ಅಳ್ತಿದ್ರೆ, ಮಧ್ಯದಲ್ಲಿ ಇವರು ಪಿಳಿಪಿಳಿ ಕಣ್ಣು ಬಿಡ್ತಾ, ಯಾರಿಗೆ ಏನಾಯ್ತು ಅಂತ ಪಕ್ಕದ ಮಂಚದವನ ಕಡೆ ನೋಡ್ತಿದಾರೆ!

… ನಗು ಬರತ್ತಾ? ನನಗೂ ಬಂತು. ಆಮೇಲೆ ಮಗಳ ಮುಖ ನೋಡ್ದೆ, ನಿಂತುಹೋಯ್ತು.

… ಎಪ್ಪತ್ತು. ಹದಿನೆಂಟು ದಿನ ಆಯ್ತು ಸ್ಟ್ರೋಕ್ ಹೊಡೆದು. ಬಲಗೈ, ಬಲಗಾಲು, ಮಾತು. ಮಂಗಳವಾರ ಮಂಚದ ಕಂಬಿ ಹಿಡ್ಕೊಂಡು ಇಪ್ಪತ್ತು ಎಣಿಸೋ ತನಕ ನಿಂತಿದ್ರು. ಎಣಿಸಿದ್ದು ನಾನು. ಹತ್ತಕ್ಕೆ ಸಾಕು ಅಂತ ನಾನಂದ್ರೆ ಅವರು ಕೂರಲಿಲ್ಲ. ಸ್ಟ್ರೋಕ್ ಆದ್ಮೇಲೆ ಮುಖ್ಯವಾದದ್ದು ಈ ಮೊದಲ ವಾರಗಳೇ ಅಂತ ನಾನು ನಿನಗೆ ಪಾಠ ಮಾಡ್ಬೇಕಾ? ಈಗ ಕಾಲು ಆಡಿಸದೆ ಬಿಟ್ರೆ ಕಾಲು ಮರೆತುಹೋಗತ್ತೆ. ಆರೈಕೆ ಮನೇಲಿ ಫಿಸಿಯೋ ಇಲ್ಲ. ಒಳ್ಳೇ ದಿಂಬು ಇದೆ, ಕಿಟಕಿ ಇದೆ. ಅಲ್ಲಿ ಮೂರು ತಿಂಗಳು ಮಲಗಿಸಿದ್ರೆ ನಿನ್ನ ಫಾರ್ಮ್ ನಿಜ ಆಗತ್ತೆ.

… ಅವರೇ ಒಪ್ಪಿದಾರೆ ಅಂತ ದಾಖಲೆ ಇದ್ಯಾ? ಇದೆ, ಅದರ ಕಥೆ ಕೇಳು. ಅವರಿಗೆ ಮಾತೆಲ್ಲ ಹೋಗಿ ಒಂದೇ ಒಂದು ಉಳ್ಕೊಂಡಿದೆ. ರೈಟ್.… ಹಾಂ, ರೈಟ್. ಮೂವತ್ತೊಂದು ವರ್ಷ ಬಸ್ಸಿನ ಬಾಗಿಲಲ್ಲಿ ನಿಂತು ಕೂಗಿದ್ದಲ್ವಾ, ಅದೊಂದು ನಾಲಿಗೆ ಬಿಟ್ಟು ಹೋಗಿಲ್ಲ. ಹಸಿವಾ ಅಂದ್ರೆ ರೈಟ್. ನೋವಾ ಅಂದ್ರೆ ರೈಟ್. ಬೇಡ್ವಾ ಅಂದ್ರೂ ರೈಟ್. ನಾವು ಕಣ್ಣು ನೋಡಿ ಅರ್ಥ ಮಾಡ್ಕೋತೀವಿ. ಹಾಸಿಗೆ ಆಫೀಸಿನ ಗುಮಾಸ್ತ ಬಂದು, ಯಜಮಾನ್ರೇ, ಆರೈಕೆ ಮನೆಗೆ ಹೋಗ್ತೀರಾ ಅಂತ ಕೇಳ್ದ. ರೈಟ್ ರೈಟ್ ಅಂದ್ರು. ರೋಗಿಯ ಸಮ್ಮತಿ ಇದೆ ಅಂತ ಬರ್ಕೊಂಡು ಪೆನ್ನು ಜೇಬಿಗೆ ಸಿಗಿಸ್ಕೊಂಡು ಹೋದ, ಪುಣ್ಯಾತ್ಮ.

… ಡಾಕ್ಟ್ರಾ? ದೊಡ್ಡ ಡಾಕ್ಟ್ರು ನಾಳೆ ತನಕ ಇಲ್ಲ. ಚಿಕ್ಕ ಡಾಕ್ಟ್ರು ಬಂದು ಇನ್ನೂ ಎರಡು ತಿಂಗಳಾಗಿಲ್ಲ, ಹೆದರ್ತಾನೆ. ನೋಡಿ ಸಿಸ್ಟರ್, ರೋಗಿ ಚೆನ್ನಾಗಿದಾರೆ ಅಂತ ನನಗೂ ಅನ್ಸತ್ತೆ, ಆದ್ರೆ ಫಾರ್ಮ್ ಕಾಲೇಜಿಂದು, ಕಾಲೇಜಿನವರೇ ತಿದ್ದಿ ಕಳಿಸಿದ್ರೆ ನಿಲ್ಲಿಸ್ತೀನಿ ಅಂತಾನೆ. ಹಾಸಿಗೆ ಆಫೀಸಿನವರೂ ಅದನ್ನೇ ಅಂದ್ರು. ಅದಕ್ಕೇ ಬೆಳಗ್ಗೆಯಿಂದ ನಿನ್ನ ಊಟ, ಮೀಟಿಂಗು ಎಲ್ಲ ಕಾಯ್ತಾ ಕೂತಿದೀನಿ. ಎರಡು ಸಾಲು ಬರ್ದು ರುಜು ಹಾಕಿ ಅವರಿಗೆ ಕಳಿಸು. ಈ ಫಾರ್ಮಿನ ಕೊನೆಯ ಹಂತ ಅಂದ್ರೆ ವಯಸ್ಸು, ಕಾಯಿಲೆ ಅಲ್ಲ. ಅಷ್ಟೇ.

… ಏನು?

… ಇನ್ನೊಂದ್ಸಲ ಹೇಳು. ತಪಾಸಣೆ ಸಮಿತಿ ಬಂದಿದೆ. ಸರಿ. ಅವರ ಮುಂದೆ ಈ ಫಾರ್ಮೇ ಇಟ್ಟಿದೀಯ. ಸರಿ. ಹನ್ನೊಂದು ವಾರ್ಡುಗಳಲ್ಲಿ ಜಾರಿಗೆ ತಂದ ಹೊಸ ಪದ್ಧತಿ ಅಂತ ಈಗ ತಾನೇ ಚಪ್ಪಾಳೆ ತಟ್ಟಿದ್ರು. ಆಹಾ. ಈಗ ತಪ್ಪಿದೆ ಅಂತ ಬರ್ದು ಕೊಡೋದು ಹೇಗೆ ಅಂತ. ಎಂಥಾ ಕಷ್ಟ ನಿನ್ನದು! ಇಲ್ಲಿ ಒಬ್ಬ ಮನುಷ್ಯ ಕಾಲು ಕಳ್ಕೋತಿದಾನೆ, ಅಲ್ಲಿ ನಿನ್ನ ಚಪ್ಪಾಳೆ ಕಳ್ದುಹೋಗತ್ತೆ.

… ಸಿದ್ಧಾಂತ ತಪ್ಪಿಲ್ಲ ಅಂತ ನನಗೇನು ಹೇಳ್ತೀಯ, ನಿನ್ನ ಸಿದ್ಧಾಂತಾನ ನಾನು ವಾರ್ಡಲ್ಲಿ ನೋಡಿದೀನಿ. ಪರದೆಯಾಚೆ ಹೆಂಗಸರ ಕಡೆ ಐದನೇ ಮಂಚದಲ್ಲಿ ಇಪ್ಪತ್ನಾಲ್ಕು ವರ್ಷದ ಹುಡುಗಿ, ಕಾಲು ಮುರ್ಕೊಂಡಿದಾಳೆ. ಅವಳ ಫಾರ್ಮಲ್ಲಿ ಏನಿದೆ? ಈ ಹಂತದ ಕೆಲಸ, ಆಪ್ತ ಸಂಬಂಧ ಬೆಳೆಸುವುದು. ಗುರಿ, ಅದಕ್ಕೆ ನೆರವಾಗುವುದು. ನಾನೇನು ಅವಳಿಗೆ ಗಂಡು ಹುಡುಕ್ಲಾ? ಎಂಟರಲ್ಲಿ ಬೇಕರಿಯವನು, ಐವತ್ತು. ಅವನ ಕೆಲಸ, ಮುಂದಿನ ಪೀಳಿಗೆಗೆ ದಾರಿ ತೋರುವುದು. ಅವನಿಗೆ ಎರಡು ದಿನದಿಂದ ಮೂತ್ರ ಕಟ್ಟಿದೆ ಕಣೇ, ಮೊದಲು ಅದಕ್ಕೆ ದಾರಿ ತೋರಿಸ್ಬೇಕು!

… ಗೊತ್ತು, ಗೊತ್ತು. ರೋಗಿನ ಬರೀ ಕಾಯಿಲೆ ಅಂತ ನೋಡ್ಬಾರದು, ಪೂರ್ತಿ ಮನುಷ್ಯ ಅಂತ ನೋಡ್ಬೇಕು. ಯಾರು ಹೇಳಿಕೊಟ್ಟಿದ್ದು ನಿನಗೆ ಅದನ್ನ? ನಾನೇ ಹೇಳಿಕೊಟ್ಟಿದ್ದು. ಹುಣ್ಣು ತೊಳೆಯೋವಾಗ ಅವರ ಮಕ್ಕಳ ವಿಷಯ ಕೇಳು ಅಂದಿದ್ದೆ. ಚೌಕ ಹಾಕಿ ಟಿಕ್ ಮಾಡು ಅಂದಿದ್ನಾ? ನನಗೆ ಐವತ್ತೆಂಟು. ಹೋದ ವರ್ಷ ಈಜು ಕಲಿತೆ. ಮೂಗಿಗೆ ನೀರು ನುಗ್ಗಿ, ಕೊಳದ ಮೇಷ್ಟ್ರ ಹತ್ರ ಬೈಸ್ಕೊಂಡು, ಕಲಿತೆ. ನಿನ್ನ ಲೆಕ್ಕದಲ್ಲಿ ಮಧ್ಯದ ಹಂತದವಳು ನೀರಿಗೆ ಇಳಿಬಹುದೋ, ಇಲ್ಲ ದಡದಲ್ಲಿ ನಿಂತು ಪೀಳಿಗೆಗೆ ದಾರಿ ತೋರ್ತಾ ಇರ್ಬೇಕೋ?

… ಕೂಗಾಡ್ತಾ ಇಲ್ಲ. ಇದು ನನ್ನ ಮಾಮೂಲಿ ಧ್ವನಿ.

… ಹರಿದು ಹಾಕ್ಬಿಡಿ ಅಂತೀಯಾ? ಭೇಷ್. ವೈಸ್ ಪ್ರಿನ್ಸಿಪಾಲ್ ಮೇಡಂ ಕೊಡೋ ಸಲಹೆ! ಕಂಪ್ಯೂಟರಿಗೆ ಹತ್ತಿ ಹದಿಮೂರು ದಿನ ಆಯ್ತು. ಈ ಹಸಿರು ಕಾಗದ ಹರಿದ್ರೆ ನನ್ನ ಕೈ ನೋಯತ್ತೆ, ಅಷ್ಟೇ.

… ಯಾವುದರ ಕೆಳಗೆ? ಹಾಂ, ಇದೆ. ವಾರ್ಡಿನ ಮೇಲ್ವಿಚಾರಕರ ರುಜು.… ಇದೆ ಅಂದ್ನಲ್ಲ.

… ಯಾರದು ಅಂತ ಕೇಳಿದ್ರೆ ಏನು ಹೇಳ್ಲಿ. ನಂದೇ.

… ಹೌದು. ನಾನೇ ಹಾಕಿದ್ದು. ಓದಿಲ್ಲ. ಹೋದ ವಾರದ ಹಿಂದಿನ ಶುಕ್ರವಾರ, ಮೂರು ದಿನ ರಜೆಗೆ ಹೊರಟಿದ್ದೆ, ಚೀಲ ಭುಜದ ಮೇಲಿತ್ತು. ನಿನ್ನ ವಿದ್ಯಾರ್ಥಿನಿಯರು ಮೂವತ್ನಾಲ್ಕು ಫಾರ್ಮ್ ತಂದು ಮುಂದಿಟ್ರು. ಇವಳು ಅಚ್ಚು ಹಾಕ್ಸೋದೆಲ್ಲ ಬರೀ ಶೋಕಿ ಅಂತ ಮನಸ್ಸಲ್ಲೇ ನಕ್ಕು, ನಿಂತಲ್ಲೇ ಗೀಚಿ ಎಸೆದೆ. ಓದೋದಕ್ಕೂ ಲಾಯಕ್ಕಿಲ್ಲ ಅನ್ಕೊಂಡೆ. ನಾಚಿಕೆ ಆಗತ್ತೆ, ಸಾಕಾ? ಬೆಳಗ್ಗೆ ಹಾಸಿಗೆ ಆಫೀಸಲ್ಲಿ ಜಗಳಕ್ಕೆ ನಿಂತಾಗ ಅವನು ಕಾಗದ ತಿರುಗಿಸಿ ನನ್ನ ರುಜುನೇ ನನಗೆ ತೋರಿಸ್ದ. ನೆಲ ಬಾಯಿಬಿಡಬಾರದಾ ಅನ್ನಿಸ್ತು.

… ನೀನು ಹಾಗನ್ನು, ಅನ್ನೋ ಹಕ್ಕಿದೆ. ನಾನೂ ಬರೀತೀನಿ, ಓದದೆ ರುಜು ಹಾಕಿದೆ ಅಂತ. ಆದ್ರೆ ನನ್ನ ಪತ್ರ ಒಂದಕ್ಕೇ ಅವರು ಬಗ್ಗಲ್ಲ. ಫಾರ್ಮ್ ನಿಂದು, ಪದ ನಿಂದು. ಅರ್ಥ ನೀನೇ ಹೇಳ್ಬೇಕು.

… ಇರು. ಇರು, ಒಂದು ನಿಮಿಷ. ಫೋನ್ ಇಡಬೇಡ. ಯಾರೋ ಬಂದ್ರು.

… ಏನ್ರಪ್ಪ, ಮೂರಕ್ಕೆ ಅಂದಿದ್ರಲ್ಲ, ಇನ್ನೂ ಎರಡೂ ಕಾಲು!… ದಾರಿ ಖಾಲಿ ಇತ್ತಾ? ದಾರಿ ಖಾಲಿ ಇದ್ರೆ ಟೀ ಕುಡ್ಕೊಂಡು ಬರಬೇಕಿತ್ತು.… ಮುಟ್ಟಬೇಡಿ ಅವರನ್ನ. ಕಾಗದ ಬರೋದಿದೆ ಅಂತಿದೀನಲ್ಲ.… ನಿಮ್ಮ ಡ್ಯೂಟಿ ಗೊತ್ತಪ್ಪ, ನನ್ನ ಡ್ಯೂಟಿ ಯಾರು ಮಾಡ್ತಾರೆ? ಆ ಸ್ಟ್ರೆಚರ್ ಹಿಂದಕ್ಕೆ ತಳ್ಳಿ. ಹೊದಿಕೆ ಯಾಕೆ ತೆಗೀತಿದೀರಾ, ಬಿಡಿ… ಬಿಡಿ ಅಂದೆ…

… ಕೇಳಿಸ್ತಾ? ಹಲೋ? ಕೇಳಿಸ್ತೇನೇ ನಿನಗೆ?

… ಕಂಡಕ್ಟ್ರು. ಕಂಡಕ್ಟ್ರೇ ಕೂಗಿದ್ದು! ಹೋಲ್ಡಾನ್ ಅಂದ್ರು. ಹೋಲ್ಡಾನ್ ಕಣೇ, ಬಸ್ ನಿಲ್ಸೋದಕ್ಕೆ ಕೂಗ್ತಾರಲ್ಲ, ಅದು! ಹದಿನೆಂಟು ದಿನದಲ್ಲಿ ಇದು ಎರಡನೇ ಮಾತು. ಸ್ಟ್ರೆಚರ್ ಹಿಡಿದವನು ಕೈ ಎತ್ಕೊಂಡು ನಿಂತಿದಾನೆ, ಪಾಪ, ಗಾಡಿ ಡ್ರೈವರಲ್ವಾ, ಆ ಕೂಗಿಗೆ ಕಾಲು ತಾನಾಗೇ ನಿಂತುಬಿಡ್ತು.… ಇಲ್ಲ, ನಾನು ಅಳ್ತಾ ಇಲ್ಲ. ಅಳೋದು ನಿನ್ನ ಕೆಲಸ. ಇರು, ಮೂಗು ಒರೆಸ್ಕೋತೀನಿ.

… ಬರೀತೀಯಾ? ನಿಜವಾಗ್ಲೂ?… ಸಮಿತಿ ಮುಂದೇನೇ? ಅವರನ್ನ ಕೂರಿಸ್ಕೊಂಡೇ ಬರಿ, ಅವರೂ ಕಲೀಲಿ. ಪೆನ್ನು ತಗೋ, ಹೇಳ್ತೀನಿ. ಸುತ್ತಿ ಬಳಸಿ ಬರೀಬೇಡ, ಪರಿಗಣಿಸಲಾಗಿ, ಮೇಲ್ಕಂಡ, ಅದೆಲ್ಲ ಬೇಡ. ಹನ್ನೆರಡನೇ ಮಂಚದ ರೋಗಿಗೆ ಎಪ್ಪತ್ತು ವರ್ಷ. ಕೊನೆಯ ಹಂತ ಎಂದು ನಾವು ಬರೆದದ್ದು ವಯಸ್ಸಿಗೆ. ಅವರು ಚೇತರಿಸಿಕೊಳ್ಳುತ್ತಿದ್ದಾರೆ. ಆ ಪದ ಇಟ್ಟದ್ದು ನಮ್ಮ ತಪ್ಪು. ಇವತ್ತಿನಿಂದಲೇ ಫಿಸಿಯೋ ಮುಂದುವರಿಸಬೇಕು.… ನಮ್ಮ ಅಂತ ಬರಿ, ನನ್ನ ಅಂತ ಬೇಡ. ಕೆಳಗೆ ನನ್ನ ಹೆಸರೂ ಹಾಕು.… ಹಾಕೇ ಅಂದ್ರೆ.

… ಹೋಯ್ತಾ? ಕಳಿಸಿದ್ಯಾ? ಅವರಿಗೂ, ಚಿಕ್ಕ ಡಾಕ್ಟ್ರಿಗೂ?… ಸರಿ. ನೋಡ್ರಪ್ಪ, ಕಾಗದ ಹೊರಟಿದೆ, ಬೇಕಾದ್ರೆ ಆಫೀಸಿಗೆ ಫೋನ್ ಮಾಡ್ಕೊಳ್ಳಿ.… ಹಾಂ, ಕೇಳ್ತಿದಾನೆ.… ಹೂಂ ಅಂತಿದಾನೆ. ಖಾಲಿ ಸ್ಟ್ರೆಚರ್ ತಳ್ಕೊಂಡು ಹೊರಟ್ರು. ಮುಗೀತು. ಅಬ್ಬಾ.

ಹೋಗು, ನಿನ್ನ ಸಮಿತಿ ಕಾಯ್ತಿರತ್ತೆ. ಅವರು ನಿನ್ನ ತಲೆ ತಿಂದ್ರೆ ನನ್ನ ಹತ್ರ ಕಳಿಸು, ಒಂದು ಪಾಳಿ ಇಲ್ಲಿ ಕೆಲಸ ಮಾಡಿಸ್ತೀನಿ.… ಏನು?

… ಅದು ನಿಜ. ಮೂವತ್ನಾಲ್ಕಿದೆ. ಉಳಿದವರದ್ದೂ ನೋಡ್ಬೇಕು. ನಿನ್ನ ಕಂಪ್ಯೂಟರಲ್ಲೇ ಇದ್ಯಾ? ಅರವತ್ತೈದು ದಾಟಿದವರನ್ನ ಮಾತ್ರ ಓದು.… ಹನ್ನೆರಡನೇ ಮಂಚದ್ದು ಆಯ್ತು. ಮೂರನೇ ಮಂಚ, ಅವರು ಮನೆಗೆ ಹೋದ್ರು, ಗಟ್ಟಿಮುಟ್ಟಾಗಿ. ಹತ್ತು, ಅವರು ಇಲ್ಲೇ ಇದಾರೆ, ಕಾಲ ಮೇಲೆ ಕಾಲು ಹಾಕ್ಕೊಂಡು ಪೇಪರ್ ಓದ್ತಿದಾರೆ. ಮುಂದೆ.

… ನಾಲ್ಕು?

… ನಾಲ್ಕರಲ್ಲಿ ಯಾರು… ಓ, ಹೊಲಿಗೆ ಅಜ್ಜಿ. ಸೊಂಟದ ಮೂಳೆ ಆಪರೇಷನ್ ಆಗಿತ್ತಲ್ಲ, ಅವರು. ಅವರು ಇಲ್ಲಮ್ಮ. ಹೋದ ವಾರದ ಸೋಮವಾರಾನೇ ಆರೈಕೆ ಮನೆಗೆ…

… ಏನಂತ ಇದೆ ಅದರಲ್ಲಿ? ಓದು.

… ಕೊನೆಯ ಹಂತ, ಆಮೇಲೆ? ಪೂರ್ತಿ ಓದು.

… ಇಲ್ಲ ಕಣೇ. ಇಲ್ಲ. ಅದು ಡಾಕ್ಟ್ರು ಹೇಳಿರ್ತಾರೆ. ನಾನು ರಜೆ ಮುಗಿಸಿ ಬಂದ ದಿನ ಅದು. ಬೆಳಗ್ಗೆ ಬರೋಷ್ಟರಲ್ಲಿ ಕಾಗದ ಮೇಜಿನ ಮೇಲಿತ್ತು. ಎಕ್ಸ್‌ರೇಲಿ ಏನೋ ಕೆಟ್ಟದ್ದು ಕಂಡಿರ್ಬೇಕು ಅನ್ಕೊಂಡೆ.… ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಎಂಬತ್ತೆರಡು ವಯಸ್ಸು ಅಲ್ವಾ ಅನ್ಕೊಂಡೆ. ನಾನೂ ಹಾಗೇ ಅನ್ಕೊಂಡುಬಿಟ್ಟೆ.

… ನಡೀತಿದ್ರು. ವಾಕರ್ ಹಿಡ್ಕೊಂಡು ಬಾಗಿಲ ತನಕ ಹೋಗಿ ಬರ್ತಿದ್ರು, ದಿನಾ ಎರಡು ಹೆಜ್ಜೆ ಜಾಸ್ತಿ. ಅವತ್ತು ನಾನೇ ತಲೆ ಬಾಚಿ ಜಡೆ ಹಾಕಿ ಗಾಡಿ ಹತ್ತಿಸ್ದೆ. ನನ್ನ ವಾಕರ್ ಹಾಕಲಿಲ್ವಲ್ಲ ಸಿಸ್ಟರ್ ಅಂದ್ರು. ನಾನು ಅವರ ಕೈ ಸವರಿ, ಇನ್ಮೇಲೆ ಅದು ಬೇಕಾಗಲ್ಲ ಅಜ್ಜಿ, ಆರಾಮಾಗಿರಿ ಅಂದೆ.

… ನನ್ನ ಮುಖ ನೋಡಿದ್ರು. ಆಮೇಲೆ ಮುಖ ಆ ಕಡೆ ತಿರುಗಿಸ್ಕೊಂಡ್ರು.

… ಹನ್ನೊಂದು ದಿನ ಆಯ್ತಲ್ಲೇ. ಹನ್ನೊಂದು ದಿನ ಮಲಗಿಸಿದ್ರೆ ಆ ವಯಸ್ಸಿಗೆ… ಆ ಮನೆ ಫೋನ್ ನಂಬರ್ ಇದ್ಯಾ ನಿನ್ನ ಹತ್ರ? ಹುಡುಕು. ಇಲ್ಲ, ನೀನು ಮಾಡ್ಬೇಡ, ನಾನೇ ಮಾಡ್ತೀನಿ. ನಾನೇ ಹೋಗ್ತೀನಿ, ವಾಕರ್ ಇಲ್ಲೇ ಇದೆ, ತಗೊಂಡೇ ಹೋಗ್ತೀನಿ. ನಂಬರ್ ಹೇಳು, ಬರ್ಕೋತೀನಿ. ಹೇಳು… ನಾಲ್ಕು, ಏಳು… ಆಮೇಲೆ?… ಕೇಳಿಸ್ತಿಲ್ಲ, ಏಳಾದ್ಮೇಲೆ ಏನು?… ಹಲೋ… ಹಲೋ, ಏಳಾದ್ಮೇಲೆ